ರಾತ್ರಿಯಿಡೀ ಕಂಪ್ಯೂಟರ್ ಚಾಲೂ ಇಟ್ಟರೆ ಬಿಲ್ ಎಷ್ಟು ಏರುತ್ತದೆ?

ಪ್ರಶ್ನೆ: ಸರ್, ನಾವು ಕಲಬುರಗಿಯವರು. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಕೋಣೆಯ ಕಂಪ್ಯೂಟರ್ ಹಗಲು ರಾತ್ರಿ ಚಾಲೂ ಇರುತ್ತದೆ. ಕೇಳಿದರೆ, "ಪದೇ ಪದೇ ಬಂದ್ ಮಾಡಿ ಹಚ್ಚಿದರೆ ಕರೆಂಟ್ ಇನ್ನೂ ಜಾಸ್ತಿ ಎಳೆಯುತ್ತದೆ, ಮಷಿನ್ ಕೂಡ ಬೇಗ ಕೆಡುತ್ತದೆ" ಎನ್ನುತ್ತಾನೆ. ನಮ್ಮ ಮನೆಯವರು, "ಅದರ ಮೇಲೆ 450 ವ್ಯಾಟ್ ಅಂತ ಬರೆದಿದೆ, ಅರ್ಧ ಬಿಲ್ ಅದರದ್ದೇ" ಎನ್ನುತ್ತಾರೆ. ದಿನಾ ಇದೇ ಮಾತು. ಗೃಹಜ್ಯೋತಿ ಇದ್ದರೂ ಹೋದ ತಿಂಗಳು ಪೂರ್ತಿ ಬಿಲ್ ಬಂತು. ಯಾರ ಮಾತು ಖರೆ? ಇದನ್ನು ತೆಗೆದು ಲ್ಯಾಪ್‌ಟಾಪ್ ಕೊಡಿಸಿದರೆ ಉಳಿತಾಯ ಆಗುತ್ತಾ?

ಉತ್ತರ: ಅಕ್ಕಾವ್ರೆ, ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ರಾತ್ರಿ ಮಲಗುವಾಗ ಕಂಪ್ಯೂಟರ್ ಬಂದ್ ಮಾಡಬೇಕು. ಹಗಲು ಹೊತ್ತು ಕಾಲು ಗಂಟೆಗಿಂತ ಜಾಸ್ತಿ ಎದ್ದು ಹೋಗುವುದಿದ್ದರೆ ಸ್ಲೀಪ್‌ಗೆ, ಅಂದರೆ ತೆರೆದ ಕೆಲಸ ಹಾಗೇ ಇಟ್ಟು ಮಲಗಿಸುವ ಸ್ಥಿತಿಗೆ, ಹಾಕಬೇಕು. ಮಗ ಹೇಳುವ ಎರಡು ಕಾರಣಗಳೂ ಈಗಿನ ಕಂಪ್ಯೂಟರ್‌ಗಳಿಗೆ ಹೊಂದುವುದಿಲ್ಲ. ಹಾಗಂತ ನಿಮ್ಮ ಮನೆಯವರ ಲೆಕ್ಕವೂ ಸರಿಯಲ್ಲ. ಅವರು ಅಂದುಕೊಂಡಷ್ಟು ಕರೆಂಟ್ ಅದು ತಿನ್ನುವುದಿಲ್ಲ. ಆದರೆ ಪೂರ್ತಿ ಬಿಲ್ ಬಂದದ್ದಕ್ಕೆ ಅದೇ ಕಾರಣ ಆಗಿರಬಹುದು. ಇದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಆ 450 ವ್ಯಾಟ್ ಎನ್ನುವುದು ಕಂಪ್ಯೂಟರ್ ಒಳಗಿರುವ, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಕೊಡುವ ಎಸ್‌ಎಂಪಿಎಸ್ ಡಬ್ಬಿಯ ಮೇಲೆ ಬರೆದ ಸಂಖ್ಯೆ. ಅದು ಗರಿಷ್ಠ ಎಷ್ಟು ಕೊಡಬಲ್ಲದು ಎನ್ನುವ ಲೆಕ್ಕ, ದಿನಾ ಎಷ್ಟು ಎಳೆಯುತ್ತದೆ ಎನ್ನುವುದಲ್ಲ. ಒಳಗಿನ ಪ್ರೊಸೆಸರ್, ಬೋರ್ಡ್, ಡಿಸ್ಕ್ ಎಷ್ಟು ಕೇಳುತ್ತವೋ ಅಷ್ಟನ್ನೇ ಅದು ಗೋಡೆಯಿಂದ ಎಳೆಯುತ್ತದೆ, ಜೊತೆಗೆ ತನ್ನ ನಷ್ಟಕ್ಕೆ ಸ್ವಲ್ಪ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಮಾನ್ಯ ಟವರ್ ಸುಮ್ನೆ ಕೂತಿರುವಾಗ 40ರಿಂದ 70 ವ್ಯಾಟ್ ಎಳೆಯುತ್ತದೆ. ಎಲ್‌ಇಡಿ ಮಾನಿಟರ್‌ಗೆ ಇನ್ನೊಂದು 15ರಿಂದ 25 ವ್ಯಾಟ್. ಎರಡೂ ಸೇರಿ ಸುಮಾರು 80 ವ್ಯಾಟ್ ಅಂತ ಹಿಡಿಯೋಣ. ದೊಡ್ಡ ಗೇಮ್ ಆಡುವಾಗ, ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ, ಇದು 300 ವ್ಯಾಟ್ ದಾಟುತ್ತದೆ. ಆದರೆ ಅದು ಆಡುವಷ್ಟು ಹೊತ್ತು ಮಾತ್ರ.

ಈಗ ಲೆಕ್ಕ ಹಾಕೋಣ. ಮಗ ದಿನಕ್ಕೆ 10 ಗಂಟೆ ಅದರ ಮುಂದೆ ಕೂರುತ್ತಾನೆ ಅಂದುಕೊಳ್ಳಿ. ಉಳಿದ 14 ಗಂಟೆ ಅದು ಯಾರಿಗೂ ಬೇಡದೆ ಉರಿಯುತ್ತದೆ. 80 ವ್ಯಾಟ್, 14 ಗಂಟೆ ಅಂದರೆ ದಿನಕ್ಕೆ 1.12 ಯೂನಿಟ್. ತಿಂಗಳಿಗೆ ಸುಮಾರು 34 ಯೂನಿಟ್. ತೆರಿಗೆ, ಹೊಂದಾಣಿಕೆ ಶುಲ್ಕ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ 240 ರೂಪಾಯಿ ಹತ್ತಿರ. ವರ್ಷಕ್ಕೆ 400 ಯೂನಿಟ್. ಅದೇ 14 ಗಂಟೆ ಸ್ಲೀಪ್‌ನಲ್ಲಿದ್ದರೆ 2-3 ವ್ಯಾಟ್ ಸಾಕು, ತಿಂಗಳಿಗೆ ಒಂದೂಕಾಲು ಯೂನಿಟ್ ಮೀರುವುದಿಲ್ಲ. ಮನೆಯವರ ಲೆಕ್ಕದಂತೆ 450 ವ್ಯಾಟ್ ಹಿಡಿದರೆ ಈ ಖಾಲಿ ಹೊತ್ತಿಗೇ ತಿಂಗಳಿಗೆ 189 ಯೂನಿಟ್ ಆಗಬೇಕಿತ್ತು. ಹಾಗೆ ಆಗುವುದಿಲ್ಲ.

ನನ್ನ ಮಾತನ್ನೂ ನಂಬಬೇಡಿ, ನಿಮ್ಮ ಮೀಟರನ್ನೇ ಕೇಳಿ. ಮನೆ ಮುಂದಿನ ಮೀಟರ್‌ನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ, ನೋಡಿದ್ದೀರಲ್ವಾ? ಅದರ ಪಕ್ಕದಲ್ಲಿ 3200 ಅಥವಾ 1600 ಅಂತ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಅಂತ ಅರ್ಥ. ಭಾನುವಾರ ಬೆಳಿಗ್ಗೆ ಫ್ರಿಜ್, ಫ್ಯಾನ್, ಟಿವಿ, ಲೈಟ್ ಎಲ್ಲ ಬಂದ್ ಮಾಡಿ. ಇನ್ವರ್ಟರ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಇಲ್ಲದಿದ್ದರೆ ಅದರ ಚಾರ್ಜಿಂಗ್ ಲೆಕ್ಕ ಕೆಡಿಸುತ್ತದೆ. ಮೊದಲು ಕಂಪ್ಯೂಟರನ್ನೂ ಬಂದ್ ಮಾಡಿಯೇ 10 ನಿಮಿಷ ಎಣಿಸಿ. ಆಮೇಲೆ ಕಂಪ್ಯೂಟರ್, ಮಾನಿಟರ್ ಮಾತ್ರ ಹಚ್ಚಿ, ಡೆಸ್ಕ್‌ಟಾಪ್ ಬಂದು ಸುಮ್ಮನಾದ ಮೇಲೆ ಮತ್ತೆ 10 ನಿಮಿಷ ಎಣಿಸಿ. ಎರಡರ ವ್ಯತ್ಯಾಸ ತೆಗೆಯಿರಿ. 3200ರ ಮೀಟರ್ ಆದರೆ ಅದನ್ನು 1.875ರಿಂದ ಗುಣಿಸಿ, 1600ರದ್ದಾದರೆ 3.75ರಿಂದ. ಬರುವುದೇ ವ್ಯಾಟ್. ಮೊದಲ ಸಲ 4 ಮಿನುಗು, ಎರಡನೇ ಸಲ 47 ಬಂತು ಅನ್ನಿ. ವ್ಯತ್ಯಾಸ 43. ಅಂದರೆ 80 ವ್ಯಾಟ್. ಈ ಎಣಿಕೆಗೆ ಮಗನನ್ನೂ ಅವರಪ್ಪನನ್ನೂ ಒಟ್ಟಿಗೆ ಮೀಟರ್ ಮುಂದೆ ನಿಲ್ಲಿಸಿ. ಇಬ್ಬರೂ ಎಣಿಸಿದ ಸಂಖ್ಯೆಯ ಮೇಲೆ ವಾದ ಉಳಿಯುವುದಿಲ್ಲ.

ಇನ್ನು ಮಗನ ಮೊದಲ ಮಾತು. ಕಂಪ್ಯೂಟರ್ ಹಚ್ಚಿದ ಕ್ಷಣ ಒಂದು ಜಗ್ಗು ಇರುವುದು ನಿಜ. ಎಸ್‌ಎಂಪಿಎಸ್ ಒಳಗೆ ಕರೆಂಟ್ ಕೂಡಿಡುವ ಕೆಪಾಸಿಟರ್ ಖಾಲಿ ಇರುತ್ತದೆ, ಅದು ತುಂಬಿಕೊಳ್ಳುವಾಗ ಜೋರಾಗಿ ಕರೆಂಟ್ ಎಳೆಯುತ್ತದೆ. ಆದರೆ ಅದು ಕೆಲವು ಮಿಲಿಸೆಕೆಂಡ್‌ಗಳ ಮಾತು. ಮೀಟರ್ ಲೆಕ್ಕಕ್ಕೆ ಅದು ಸಿಕ್ಕುವುದೇ ಇಲ್ಲ. ಆಮೇಲೆ ವಿಂಡೋಸ್ ಬರುವವರೆಗೆ ಒಂದು ನಿಮಿಷ 120 ವ್ಯಾಟ್ ಎಳೆಯಿತು ಅಂದುಕೊಳ್ಳಿ. ಅದು ಸುಮ್ನೆ ಕೂತ ಕಂಪ್ಯೂಟರ್ ಒಂದೂವರೆ ನಿಮಿಷದಲ್ಲಿ ತಿನ್ನುವಷ್ಟು. ಅಂದರೆ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಡವೆಂದಾದರೆ ಬಂದ್ ಮಾಡಿದ್ದೇ ಲಾಭ. ನಾನು ಕಾಲು ಗಂಟೆ ಅಂದದ್ದು ಕರೆಂಟ್ ಲೆಕ್ಕಕ್ಕಲ್ಲ, ಪದೇ ಪದೇ ಎಬ್ಬಿಸುವ ಕಿರಿಕಿರಿ ತಪ್ಪಲಿ ಅಂತ.

"ಬಂದ್ ಮಾಡಿ ಹಚ್ಚಿದರೆ ಕೆಡುತ್ತದೆ" ಎನ್ನುವುದು ಹಳೆಯ ಕಾಲದ ಮಾತು. ಅದಕ್ಕೆ ಆಗ ಕಾರಣ ಇತ್ತು. ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿ ತಿರುಗುವುದು ನಿಂತಾಗ ಓದುವ ಹೆಡ್ ನೇರ ತಟ್ಟೆಯ ಮೇಲೆ ಬಂದು ಕೂರುತ್ತಿತ್ತು. ಪ್ರತಿ ಸಲ ಸ್ವಲ್ಪ ಸವೆತ. ಆದರೂ ಡೆಸ್ಕ್‌ಟಾಪ್ ಡಿಸ್ಕ್‌ಗಳಿಗೆ ತಯಾರಕರು ಕೊಡುತ್ತಿದ್ದ ಲೆಕ್ಕ ಸುಮಾರು 50,000 ಸಲ ನಿಂತು ಹೊರಡುವುದು. ದಿನಕ್ಕೆ 4 ಸಲ ಬಂದ್ ಮಾಡಿ ಹಚ್ಚಿದರೂ ಅದು ಮುಗಿಯಲು 34 ವರ್ಷ ಬೇಕು. ಆಮೇಲೆ ಬಂದ ಡಿಸ್ಕ್‌ಗಳಲ್ಲಿ ಹೆಡ್ ಪಕ್ಕದ ಇಳಿಜಾರಿನ ಮೇಲೆ ಹೋಗಿ ನಿಲ್ಲುತ್ತದೆ, ತಟ್ಟೆ ಮುಟ್ಟುವುದೇ ಇಲ್ಲ. ಎಸ್‌ಎಸ್‌ಡಿಯಲ್ಲಂತೂ ತಿರುಗುವ ಭಾಗವೇ ಇಲ್ಲ.

ನಮ್ಮ ಭಾಗದಲ್ಲಿ ಕಂಪ್ಯೂಟರ್ ಕೊಲ್ಲುವುದು ಬಿಸಿ ಮತ್ತು ಧೂಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಂಟರ್ನೆಟ್‌ನಲ್ಲಿ ಸಿಗುವ "ಚಾಲೂ ಇಟ್ಟರೂ ನಡೆಯುತ್ತದೆ" ಎನ್ನುವ ಸಲಹೆ ತಣ್ಣನೆಯ ಊರಿನವರು ಬರೆದದ್ದು. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಹಗಲು 42-43 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಮೇಲಂತಸ್ತಿನ ಕೋಣೆ, ಅದರಲ್ಲೂ ಕಲ್ಲು ಹೊದಿಸಿದ ಮಾಳಿಗೆ, ಹಗಲೆಲ್ಲ ಕಾದು ನಡುರಾತ್ರಿಯವರೆಗೂ ಬಿಸಿ ಉಗುಳುತ್ತದೆ. ಕಂಪ್ಯೂಟರ್ ಡಬ್ಬಿಯ ಒಳಗೆ ಕೋಣೆಗಿಂತ ಇನ್ನೂ ಹತ್ತು ಹದಿನೈದು ಡಿಗ್ರಿ ಜಾಸ್ತಿ. ಎಸ್‌ಎಂಪಿಎಸ್ ಮತ್ತು ಬೋರ್ಡ್ ಮೇಲೆ ಉದ್ದ ಡಬ್ಬಿಯಾಕಾರದ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಒಳಗೆ ದ್ರವ ಇರುತ್ತದೆ, ಬಿಸಿಗೆ ಅದು ನಿಧಾನಕ್ಕೆ ಒಣಗುತ್ತದೆ. 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಎಲೆಕ್ಟ್ರಾನಿಕ್ಸ್ ಓದಿದವರೆಲ್ಲ ಬಳಸುವ ಅಂದಾಜು. ಆ ಆಯುಸ್ಸು ಕಳೆಯುವುದು ಮುಖ್ಯವಾಗಿ ಚಾಲೂ ಇದ್ದ ಗಂಟೆಗಳಲ್ಲಿ. ಹಚ್ಚಿದ ಸಲಗಳ ಲೆಕ್ಕ ಅಲ್ಲಿ ದೊಡ್ಡದಲ್ಲ. ಮಗ ಮಲಗಿರುವಾಗ ಉರಿದ ಗಂಟೆಯೂ ಅದರಲ್ಲಿ ಸೇರುತ್ತದೆ.

ಬೇಸಿಗೆ ಮುಗಿಯುವ ಹೊತ್ತಿಗೆ ರಿಪೇರಿಗೆ ಬರುವ ಟವರ್‌ಗಳ ಪಕ್ಕದ ಬಾಗಿಲು ತೆಗೆದರೆ ಒಂದೇ ದೃಶ್ಯ. ಪ್ರೊಸೆಸರ್ ಮೇಲಿನ ಫ್ಯಾನ್ ಕಳಚಿದಾಗ ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳು ಕಾಣುವುದಿಲ್ಲ. ಅವುಗಳ ಮೇಲೆ ಬೂದು ಬಣ್ಣದ ಧೂಳಿನ ಚಾಪೆ ಕೂತಿರುತ್ತದೆ, ಉಗುರಿನಿಂದ ಎತ್ತಿದರೆ ಇಡಿಯಾಗಿ ಏಳುತ್ತದೆ. ದಾಲ್ ಮಿಲ್ ಹತ್ತಿರದ ಮನೆಗಳದ್ದಾದರೆ ಅದರಲ್ಲಿ ತೊಗರಿ ಹೊಟ್ಟಿನ ಪುಡಿಯೂ ಇರುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆಯವುಗಳಲ್ಲಿ ಸಿಮೆಂಟಿನ ಬಿಳಿ ಧೂಳು. ಗಾಳಿ ಆಡದೆ ಪ್ರೊಸೆಸರ್ ಕಾದು, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಜನ ಅದನ್ನು "ಸ್ಲೋ ಆಗಿದೆ" ಅಂತ ತರುತ್ತಾರೆ. ಒಣ ಬ್ರಷ್ ಮತ್ತು ಬ್ಲೋವರ್‌ನಲ್ಲಿ ಸ್ವಚ್ಛ ಮಾಡಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಫ್ಯಾನ್ ತಿರುಗಿದಷ್ಟು ಗಂಟೆ ಧೂಳು ಒಳಗೆ ಹೋಗುತ್ತದೆ. ದಿನಕ್ಕೆ 24 ಗಂಟೆ ತಿರುಗುವ ಫ್ಯಾನ್, 10 ಗಂಟೆ ತಿರುಗುವುದಕ್ಕಿಂತ ಎರಡೂವರೆ ಪಟ್ಟು ಗಾಳಿ ಎಳೆಯುತ್ತದೆ. ಹೀಗಾಗಿ ಮಷಿನ್ ಉಳಿಯಲಿ ಎನ್ನುವ ಕಾಳಜಿ ಮಗನಿಗೆ ಇದ್ದರೆ ಬಂದ್ ಮಾಡುವುದೇ ದಾರಿ. ವರ್ಷಕ್ಕೆ ಎರಡು ಸಲ, ಬೇಸಿಗೆಗೆ ಮುಂಚೆ ಒಮ್ಮೆ, ದಸರೆ ಹೊತ್ತಿಗೆ ಒಮ್ಮೆ, ಒಳಗಿನ ಧೂಳು ತೆಗೆಸಿ.

ಬಿಸಿಯದ್ದು ಇನ್ನೊಂದು ಮುಖ ಇದೆ. ಕಂಪ್ಯೂಟರ್ ಎಳೆದ 80 ವ್ಯಾಟ್ ಎಲ್ಲಿಗೆ ಹೋಗುತ್ತದೆ? ಎಲ್ಲವೂ ಕೊನೆಗೆ ಬಿಸಿಯಾಗಿ ಅದೇ ಕೋಣೆಗೆ ಬರುತ್ತದೆ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಹೊರಡುವ ಶಾಖ 100 ವ್ಯಾಟ್ ಆಸುಪಾಸು. ಅಂದರೆ ರಾತ್ರಿಯೆಲ್ಲ ಇನ್ನೊಬ್ಬರು ಆ ಕೋಣೆಯಲ್ಲಿ ಇದ್ದ ಹಾಗೆ. ಎಸಿ ಇದ್ದರೆ ಆ ಬಿಸಿ ಹೊರಹಾಕಲು ಮತ್ತೆ ಮೂರನೇ ಒಂದು ಪಾಲಿನಷ್ಟು ಕರೆಂಟ್ ಹೆಚ್ಚುವರಿ ಬೇಕು. ಕೂಲರ್ ಇದ್ದರೆ ಬಿಲ್ ಏರುವುದಿಲ್ಲ, ಆದರೆ ಮಗನ ನಿದ್ದೆ ಕೆಡುತ್ತದೆ.

ಈಗ ಪೂರ್ತಿ ಬಿಲ್ ಬಂದ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ.

ಗೃಹಜ್ಯೋತಿ ಶುರುವಾದದ್ದೇ ನಮ್ಮ ಊರಿನಲ್ಲಿ, 2023ರ ಆಗಸ್ಟ್ 5ರಂದು. 200 ಯೂನಿಟ್ ಎಲ್ಲರಿಗೂ ಉಚಿತ ಅಂತ ಬಹಳ ಜನ ಇವತ್ತಿಗೂ ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ, ಅದು ನಿಮ್ಮ ಉಚಿತ ಮಿತಿ. ತೀರಾ ಕಡಿಮೆ, 48 ಯೂನಿಟ್‌ಗಿಂತ ಕೆಳಗೆ ಬಳಸುತ್ತಿದ್ದವರಿಗೆ ನೂರಕ್ಕೆ ಹತ್ತರ ಬದಲು 10 ಯೂನಿಟ್ ಸೇರಿಸುವಂತೆ ಆಮೇಲೆ ಬದಲಾಯಿಸಿದರು. ಮಿತಿ ದಾಟಿ, 200ರ ಒಳಗೇ ಇದ್ದರೆ ದಾಟಿದ ಯೂನಿಟ್‌ಗಳಿಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್, ಮೊದಲ ಯೂನಿಟ್‌ನಿಂದ.

ಒಂದು ಮನೆಯ ಸರಾಸರಿ 150 ಇತ್ತು ಅಂದುಕೊಳ್ಳಿ. ಉಚಿತ ಮಿತಿ 165. ಬೇಸಿಗೆಯಲ್ಲಿ ಕೂಲರ್, ಫ್ಯಾನ್ ಜಾಸ್ತಿ ಓಡಿ ಬಳಕೆ 171ಕ್ಕೆ ಬಂತು. ಆಗ 6 ಯೂನಿಟ್‌ಗೆ 42 ರೂಪಾಯಿ ಕೊಟ್ಟರೆ ಮುಗಿಯಿತು. ಅದೇ ಮನೆಯಲ್ಲಿ ಕಂಪ್ಯೂಟರ್ ಖಾಲಿ ಹೊತ್ತಿನಲ್ಲಿ 34 ಯೂನಿಟ್ ತಿಂದರೆ ಒಟ್ಟು 205. ಗೆರೆ ದಾಟಿತು. 205 ಯೂನಿಟ್‌ಗೂ ಕಟ್ಟಬೇಕು, 1,400 ರೂಪಾಯಿ ಮೇಲೆ, ನಿಗದಿತ ಶುಲ್ಕ ಬೇರೆ. ನಿಮ್ಮ ಮನೆಯಲ್ಲೂ ಹೀಗೇ ಆಗಿದೆಯೇ ಅಂತ ನೋಡುವುದು ಸುಲಭ. ಹೋದ ತಿಂಗಳ ಜೆಸ್ಕಾಂ ಬಿಲ್ ತೆಗೆದು ಬಳಸಿದ ಯೂನಿಟ್ ಓದಿ. 201ರಿಂದ 234ರ ನಡುವೆ ಇದ್ದರೆ, ಕಂಪ್ಯೂಟರ್ ಖಾಲಿ ಹೊತ್ತಿನಲ್ಲಿ ಬಂದ್ ಆಗಿದ್ದರೆ ಆ ಬಿಲ್ ಬರುತ್ತಿರಲಿಲ್ಲ. 280, 300 ಇದ್ದರೆ ಬರೀ ಕಂಪ್ಯೂಟರ್ ಮೇಲೆ ಹಾಕಬೇಡಿ. ಗೀಸರ್, ಎಸಿ, ಹಳೆಯ ಫ್ರಿಜ್, ಪಂಪ್‌ಸೆಟ್ ಇವುಗಳ ಕಡೆ ನೋಡಿ.

ಇನ್ನೊಂದು ಕೆಲಸ ಮಾಡಿ. ರೀಡಿಂಗ್ ತೆಗೆದ ದಿನದಿಂದ 15 ದಿನಕ್ಕೆ ಒಮ್ಮೆ ನೀವೇ ಮೀಟರ್ ಸಂಖ್ಯೆ ಬರೆದಿಡಿ. 100ರ ಹತ್ತಿರ ಬಂದಿದ್ದರೆ ಉಳಿದ ಹದಿನೈದು ದಿನ ಕೈ ಹಿಡಿಯಬೇಕು. ತಿಂಗಳ ಕೊನೆಯಲ್ಲಿ ಬಿಲ್ ನೋಡಿ ಬೇಜಾರಾಗುವ ಬದಲು ನಡುವೆ ತಿಳಿದರೆ ಏನಾದರೂ ಮಾಡಬಹುದು.

ಕರೆಂಟ್ ಹೋದಾಗಿನ ಲೆಕ್ಕವೇ ಬೇರೆ, ಅದನ್ನೂ ಹೇಳಬೇಕು. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದು, ಕಂಪ್ಯೂಟರ್ ಅದರ ಲೈನಿನಲ್ಲೇ ಇದ್ದರೆ, ಕರೆಂಟ್ ಹೋದಾಗ ಖಾಲಿ ಕೂತ ಕಂಪ್ಯೂಟರ್ ಬ್ಯಾಟರಿ ಹೀರುತ್ತದೆ. 150 ಎಎಚ್, 12 ವೋಲ್ಟ್ ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್-ಗಂಟೆ. ನಿಜಕ್ಕೂ ಕೈಗೆ ಸಿಗುವುದು ಸಾವಿರದ ಚಿಲ್ಲರೆ. ಎರಡು ಫ್ಯಾನ್, ಎರಡು ಲೈಟ್ ಸೇರಿ 180 ವ್ಯಾಟ್ ಅಂದರೆ ಆರು ಗಂಟೆ ಬರುತ್ತದೆ. ಕಂಪ್ಯೂಟರ್ ಸೇರಿ 260 ಆದರೆ ನಾಲ್ಕೇ ಗಂಟೆ. ಬೇಸಿಗೆ ರಾತ್ರಿಯಲ್ಲಿ ಆ ಎರಡು ಗಂಟೆಯ ಫ್ಯಾನ್ ಎಷ್ಟು ಮುಖ್ಯ ಅಂತ ನಿಮಗೆ ಗೊತ್ತು. ಮೇಲಾಗಿ ಬ್ಯಾಟರಿಯಿಂದ ತೆಗೆದ ಒಂದು ಯೂನಿಟ್ ಮತ್ತೆ ತುಂಬಲು ಒಂದೂವರೆ ಯೂನಿಟ್ ಆದರೂ ಬೇಕು, ಚಾರ್ಜಿಂಗ್‌ನಲ್ಲಿ, ಬ್ಯಾಟರಿಯಲ್ಲಿ, ಇನ್ವರ್ಟರ್‌ನಲ್ಲಿ ನಷ್ಟ ಆಗುತ್ತಾ ಹೋಗುತ್ತದೆ.

ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ರಿಸ್ಟಾರ್ಟ್ ಆಗುತ್ತದೆ ಎನ್ನುವ ಕಾರಣಕ್ಕೂ ಕೆಲವರು ಚಿಂತೆ ಮಾಡುತ್ತಾರೆ. ಇನ್ವರ್ಟರ್ ಹಿಂಭಾಗದಲ್ಲಿ ಅಥವಾ ಮುಂದೆ ಯುಪಿಎಸ್, ನಾರ್ಮಲ್ ಅಥವಾ ಇಕೋ ಅಂತ ಒಂದು ಸ್ವಿಚ್ ಇರುತ್ತದೆ. ಕಂಪ್ಯೂಟರ್ ಇರುವ ಮನೆಯಲ್ಲಿ ಅದು ಯುಪಿಎಸ್ ಕಡೆ ಇರಬೇಕು. ನಾರ್ಮಲ್‌ನಲ್ಲಿ ಬದಲಾಗಲು ತಗಲುವ ಸಮಯ ಜಾಸ್ತಿ. ಎಸ್‌ಎಂಪಿಎಸ್ ತನ್ನೊಳಗಿನ ದಾಸ್ತಾನಿನಿಂದ ತಡೆದುಕೊಳ್ಳುವುದು 16-17 ಮಿಲಿಸೆಕೆಂಡ್ ಮಾತ್ರ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಕರೆಂಟ್ ಹೋಗಿ ಬಂದರೆ ಕಂಪ್ಯೂಟರ್ ತಾನಾಗಿಯೇ ಹಚ್ಚಿಕೊಳ್ಳುವ ಸೆಟ್ಟಿಂಗ್ ಇರುತ್ತದೆ. ನಡುರಾತ್ರಿ ಕರೆಂಟ್ ಬಂದರೆ ಬೆಳಗಿನವರೆಗೆ ಅದು ಉರಿಯುತ್ತದೆ. ಬಯೋಸ್‌ಗೆ, ಅಂದರೆ ವಿಂಡೋಸ್ ಬರುವ ಮುಂಚೆ ತೆರೆಯುವ ಸೆಟ್ಟಿಂಗ್ ಪುಟಕ್ಕೆ ಹೋಗಿ, ಎಸಿ ಪವರ್ ಲಾಸ್ ಎನ್ನುವ ಹೆಸರಿನ ಸೆಟ್ಟಿಂಗ್ ಹುಡುಕಿ, ಪವರ್ ಆಫ್ ಅಂತ ಇಡಬೇಕು. ಇಂಜಿನಿಯರಿಂಗ್ ಹುಡುಗನಿಗೆ ಇದು ಐದು ನಿಮಿಷದ ಕೆಲಸ.

ಈಗ ಸ್ಲೀಪ್, ಹೈಬರ್ನೇಟ್, ಶಟ್‌ಡೌನ್. ಸ್ಲೀಪ್‌ನಲ್ಲಿ ತೆರೆದಿದ್ದ ಕೆಲಸವೆಲ್ಲ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ ಇರುತ್ತದೆ, ಅದಕ್ಕಷ್ಟೇ ಕರೆಂಟ್ ಬೇಕು, ಎರಡು ಸೆಕೆಂಡಿನಲ್ಲಿ ಎಚ್ಚರ ಆಗುತ್ತದೆ. ಆದರೆ ಕರೆಂಟ್ ಪೂರ್ತಿ ಹೋದರೆ ರ‍್ಯಾಮ್ ಖಾಲಿ. ಇದಕ್ಕಾಗಿಯೇ ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಹೈಬ್ರಿಡ್ ಸ್ಲೀಪ್ ಇದೆ, ಅದು ಒಂದು ಪ್ರತಿಯನ್ನು ಡಿಸ್ಕ್‌ನಲ್ಲೂ ಬರೆದಿಡುತ್ತದೆ. ನಮ್ಮಂಥ ಊರಿಗೆ ಅದು ಹೇಳಿ ಮಾಡಿಸಿದ್ದು, ಆನ್ ಇದೆಯಾ ನೋಡಿ. ಹೈಬರ್ನೇಟ್‌ನಲ್ಲಿ ಎಲ್ಲವೂ ಡಿಸ್ಕ್‌ಗೆ ಹೋಗಿ ಮಷಿನ್ ಪೂರ್ತಿ ಬಂದ್ ಆಗುತ್ತದೆ, ಪ್ಲಗ್ ಕಿತ್ತರೂ ಬೆಳಿಗ್ಗೆ ಬಿಟ್ಟಲ್ಲಿಂದಲೇ ಶುರು. "ಹತ್ತು ಟ್ಯಾಬ್ ತೆರೆದಿವೆ, ಪ್ರಾಜೆಕ್ಟ್ ಅರ್ಧ ಆಗಿದೆ, ಅದಕ್ಕೇ ಬಂದ್ ಮಾಡಲ್ಲ" ಎನ್ನುವ ಹುಡುಗರಿಗೆ ನಾನು ಹೇಳುವುದು ಇದನ್ನೇ. ನಿಮ್ಮ ಮಗನ ನಿಜವಾದ ಕಾರಣವೂ ಇದೇ ಇರಬಹುದು, ಒಮ್ಮೆ ಕೇಳಿ ನೋಡಿ. ವಿಂಡೋಸ್‌ನಲ್ಲಿ ಹೈಬರ್ನೇಟ್ ಅಡಗಿರುತ್ತದೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಲ್ಲಿ ಪವರ್ ಬಟನ್ ಏನು ಮಾಡಬೇಕು ಎನ್ನುವ ಪುಟದಲ್ಲಿ ಟಿಕ್ ಹಾಕಿದರೆ ಮೆನುವಿನಲ್ಲಿ ಕಾಣುತ್ತದೆ.

ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಇಲ್ಲಿಗೆ ಹೋಗಿ ಸ್ಕ್ರೀನ್ 5 ನಿಮಿಷಕ್ಕೆ ಆರಲಿ, ಸ್ಲೀಪ್ 15 ನಿಮಿಷಕ್ಕೆ ಬರಲಿ ಅಂತ ಇಟ್ಟುಬಿಡಿ. ಆಮೇಲೆ ಯಾರೂ ಯಾರಿಗೂ ನೆನಪಿಸಬೇಕಿಲ್ಲ. ಶಟ್‌ಡೌನ್ ಬಗ್ಗೆ ಒಂದು ಮಾತು ಮಾತ್ರ. ವಿಂಡೋಸ್ 8ರ ನಂತರ ಶಟ್‌ಡೌನ್ ಕೊಟ್ಟಾಗ ವಿಂಡೋಸ್‌ನ ಒಳಭಾಗ ಡಿಸ್ಕ್‌ನಲ್ಲಿ ಉಳಿದು ಮರುದಿನ ಬೇಗ ಹಚ್ಚಲು ಬಳಕೆಯಾಗುತ್ತದೆ. ಹೀಗಾಗಿ ವಾರಕ್ಕೊಮ್ಮೆ ರಿಸ್ಟಾರ್ಟ್ ಕೊಡಿ, ಆಗ ಮಾತ್ರ ಪೂರ್ತಿ ಹೊಸದಾಗಿ ಶುರು ಆಗುತ್ತದೆ.

ಸ್ಕ್ರೀನ್‌ಸೇವರ್‌ನಿಂದ ಕರೆಂಟ್ ಉಳಿಯುವುದಿಲ್ಲ, ಅದು ಹಳೆಯ ದಪ್ಪ ಮಾನಿಟರ್‌ಗಳ ಪರದೆಯ ಮೇಲೆ ಚಿತ್ರ ಅಚ್ಚೊತ್ತದಿರಲಿ ಅಂತ ಬಂದದ್ದು. ಮಾಮೂಲಿ ಎಲ್‌ಇಡಿ ಮಾನಿಟರ್‌ನಲ್ಲಿ ಡಾರ್ಕ್ ಮೋಡ್ ಹಾಕಿದರೂ ಅಷ್ಟೇ, ಹಿಂದಿನ ಬೆಳಕು ಹಾಗೇ ಉರಿಯುತ್ತದೆ. ಬ್ರೈಟ್‌ನೆಸ್ ಇಳಿಸಿದರೆ ಉಳಿಯುತ್ತದೆ. ಬಂದ್ ಮಾಡಿದ ಕಂಪ್ಯೂಟರ್ ಪ್ಲಗ್‌ನಲ್ಲಿದ್ದರೆ ಒಂದು ವ್ಯಾಟ್ ಆಸುಪಾಸು ಎಳೆಯುತ್ತದೆ, ತಿಂಗಳಿಗೆ ಐದು ರೂಪಾಯಿ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಸ್ಪೀಕರ್, ಯುಪಿಎಸ್, ಪ್ರಿಂಟರ್ ಎಲ್ಲ ಸೇರಿದರೆ ಹತ್ತು ಹದಿನೈದು ವ್ಯಾಟ್ ಆಗುತ್ತದೆ, ಸ್ವಿಚ್ ಇರುವ ಒಂದು ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಅವನ್ನು ಹಾಕಿ ರಾತ್ರಿ ಒಮ್ಮೆಗೇ ಆರಿಸಿ. ಯುಪಿಎಸ್‌ ಇದ್ದರೆ ಮೊದಲು ಅದರದ್ದೇ ಬಟನ್ ಒತ್ತಿ ಬಂದ್ ಮಾಡಿ, ಇಲ್ಲದಿದ್ದರೆ ಒಳಗಿನ ಸಣ್ಣ ಬ್ಯಾಟರಿ ಖಾಲಿಯಾಗಿ ಬೇಗ ಸತ್ತುಹೋಗುತ್ತದೆ. ಇಂಕ್‌ಜೆಟ್ ಪ್ರಿಂಟರ್ ಕೂಡ ಹಾಗೆಯೇ, ಅದರ ಬಟನ್ ಒತ್ತಿದಾಗ ಮಾತ್ರ ಹೆಡ್ ತನ್ನ ಮುಚ್ಚಳದೊಳಗೆ ಹೋಗಿ ಕೂರುತ್ತದೆ, ಇಂಕ್ ಒಣಗುವುದಿಲ್ಲ. ರೌಟರ್ 5ರಿಂದ 10 ವ್ಯಾಟ್, ಬಿಟ್ಟರೂ ನಡೆಯುತ್ತದೆ. ಸಿಸಿಟಿವಿ ಇದ್ದರೆ ಬಂದ್ ಮಾಡಲೇಬೇಡಿ.

ಗುಡುಗು ಸಿಡಿಲು ಇದ್ದಾಗ ಮಾತ್ರ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿ ಎದ್ದು ಮೋಡ ಕಪ್ಪಾದಾಗ ಕಂಪ್ಯೂಟರ್ ಪ್ಲಗ್ ಜೊತೆಗೆ ರೌಟರ್‌ನಿಂದ ಬರುವ ತಾಮ್ರದ ಇಂಟರ್ನೆಟ್ ವೈರನ್ನೂ ಬಿಚ್ಚಿಡಿ. ಎಷ್ಟೋ ಬೋರ್ಡ್‌ಗಳು ಆ ವೈರಿನಿಂದಲೇ ಸುಟ್ಟು ಬರುತ್ತವೆ. ಕರೆಂಟ್ ವಾಪಸ್ ಬಂದಾಗಲೂ ಮೊದಲ ಕೆಲವು ನಿಮಿಷ ವೋಲ್ಟೇಜ್ ಏರಿಳಿತ ಇರುತ್ತದೆ. ಸ್ವಲ್ಪ ತಡೆದು ಹಚ್ಚಿ.

ರಾತ್ರಿ ಚಾಲೂ ಇಡಲೇಬೇಕಾದ ಕೆಲಸವೂ ಇರುತ್ತದೆ, ಅದನ್ನು ತಪ್ಪು ಎನ್ನಲಾರೆ. ಪ್ರಾಜೆಕ್ಟ್‌ಗಾಗಿ ಏನೋ ಓಡುತ್ತಿರಬಹುದು, ದೊಡ್ಡ ಡೌನ್‌ಲೋಡ್ ಇರಬಹುದು. ಆಗ ಮಾನಿಟರ್ ಆರಿಸಿ, ಕೆಲಸ ಮುಗಿದ ಮೇಲೆ ತಾನೇ ಬಂದ್ ಆಗುವಂತೆ ಟೈಮರ್ ಇಡಲಿ. ತಿಂಗಳಿಗೆ ನಾಲ್ಕೈದು ರಾತ್ರಿ ಆದರೆ ಮೂರು ಯೂನಿಟ್ ಕೂಡ ಆಗುವುದಿಲ್ಲ. ಏನೂ ಓಡದ ರಾತ್ರಿಗಳ ಬಗ್ಗೆ ಮಾತ್ರ ನನ್ನ ತಕರಾರು. ನಮ್ಮ ಪಕ್ಕದ ರಾಯಚೂರಿನ ಶಕ್ತಿನಗರದಲ್ಲಿ ಒಂದು ಯೂನಿಟ್ ಕರೆಂಟ್ ಮಾಡಲು ಮುಕ್ಕಾಲು ಕಿಲೋ ಹತ್ತಿರ ಕಲ್ಲಿದ್ದಲು ಬೇಕು. ವರ್ಷದ ಆ 400 ಯೂನಿಟ್‌ಗೆ ಎರಡೂವರೆ ಕ್ವಿಂಟಲ್‌ಗಿಂತ ಜಾಸ್ತಿ. ಯಾರೂ ಮುಂದೆ ಕೂರದ ಒಂದು ಪರದೆಗಾಗಿ ಅಷ್ಟು ಸುಡುವುದು ನನಗೆ ಸಂಕಟ ತರುತ್ತದೆ.

ಕೊನೆಯದಾಗಿ ಲ್ಯಾಪ್‌ಟಾಪ್. ಲ್ಯಾಪ್‌ಟಾಪ್ ಸಾಮಾನ್ಯ ಕೆಲಸದಲ್ಲಿ 15-20 ವ್ಯಾಟ್ ಎಳೆಯುತ್ತದೆ, ಅಂದರೆ ಟವರ್‌ಗಿಂತ 60 ವ್ಯಾಟ್ ಕಡಿಮೆ. ದಿನಕ್ಕೆ 10 ಗಂಟೆ ಬಳಸಿದರೆ ತಿಂಗಳಿಗೆ 18 ಯೂನಿಟ್, 126 ರೂಪಾಯಿ ಉಳಿಯುತ್ತದೆ. 40,000 ರೂಪಾಯಿಯ ಲ್ಯಾಪ್‌ಟಾಪ್ ಈ ಉಳಿತಾಯದಿಂದ ತನ್ನ ದುಡ್ಡು ವಾಪಸ್ ಕೊಡಲು 26 ವರ್ಷ ಬೇಕು. ಕಾಲೇಜಿಗೆ ಒಯ್ಯಬೇಕು, ಕರೆಂಟ್ ಹೋದಾಗಲೂ ಓದಬೇಕು ಅಂದರೆ ಖಂಡಿತ ಕೊಡಿಸಿ, ಅದು ಒಳ್ಳೆಯ ಕಾರಣ. ಬಿಲ್ ಕಡಿಮೆ ಆಗಲಿ ಅಂತ ಮಾತ್ರ ಕೊಡಿಸಬೇಡಿ. ಅದಕ್ಕಾಗಿಯೇ ಖರ್ಚು ಮಾಡುವುದಿದ್ದರೆ ಮೊದಲು ಮನೆಯ ಫ್ಯಾನ್‌ಗಳನ್ನು ನೋಡಿ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ ಎನ್ನುವ ಹೊಸ ಬಗೆಯ ಮೋಟಾರಿನ ಫ್ಯಾನ್ 30 ವ್ಯಾಟ್. ನಮ್ಮಲ್ಲಿ ಫ್ಯಾನ್ ದಿನಕ್ಕೆ 15 ಗಂಟೆ ಓಡುವುದು ಸಾಮಾನ್ಯ, ಒಂದು ಫ್ಯಾನ್ ಬದಲಿಸಿದರೆ ತಿಂಗಳಿಗೆ 20 ಯೂನಿಟ್ ಇಳಿಯುತ್ತದೆ. ಕಂಪ್ಯೂಟರ್ ಖಾಲಿ ಹೊತ್ತಿನಲ್ಲಿ ಬಂದ್ ಆಗಿ, ಎರಡು ಫ್ಯಾನ್ ಬದಲಾದರೆ 70 ಯೂನಿಟ್ ಮೇಲೆ ಕಡಿಮೆ ಆಗುತ್ತದೆ. ಈ ಬೇಸಿಗೆಯಲ್ಲಿ 200ರ ಗೆರೆಯೊಳಗೆ ಉಳಿಯಲು ಬಹುಶಃ ಅಷ್ಟು ಸಾಕು. ಒಂದು ತಿಂಗಳು ಮಾಡಿ ನೋಡಿ, ಮೀಟರ್ ಸಂಖ್ಯೆ ಮತ್ತು ಹೊಸ ಬಿಲ್ಲಿನ ಯೂನಿಟ್ ಬರೆದು ಕಳಿಸಿ. ಆಗಲೂ ಇಳಿಯದಿದ್ದರೆ ಫ್ರಿಜ್‌ನಿಂದ ಶುರುಮಾಡಿ ಒಂದೊಂದಾಗಿ ಎಣಿಸೋಣ.